ಸಭಾಮನೆಗೆ ಕತ್ತು ಬಂದದ್ದು

ನಮ್ಮ ಊರಿನಲ್ಲಿ ದಾರಿ ಕೇಳುವವರು ಹೇಳುವವರ ಮುಖವನ್ನೇ ನೋಡುತ್ತಿರಬೇಕು. ಅವರು ಕೈ ತೋರಿಸಿದ ಕಡೆಗೆ ತಿರುಗಿದಿರೋ, ಉಳಿದರ್ಧ ದಾರಿ ಕೇಳಿಸುವುದಿಲ್ಲ. ಹೊರಗಿನಿಂದ ಬಂದವರೆಲ್ಲ ಮೊದಲು ಹೋಗಿ ನಿಲ್ಲುವುದು ಚಾಪೆ ಹೆಣೆಯುವವರ ಓಣಿಯಲ್ಲಿ; ಬಸ್ಸು ಇಳಿದಲ್ಲಿಂದ ಅರ್ಧ ದಾರಿಗೆ ಸಿಗುವುದು ಅದೇ. ಓಣಿಯವರು ಅವರಿಗೊಂದು ಲೋಟ ಮಜ್ಜಿಗೆ ಕೊಟ್ಟು, ಗಲ್ಲ ಹಿಡಿದು ಮುಖವನ್ನು ತಮ್ಮತ್ತ ತಿರುಗಿಸಿಕೊಂಡು, ಉಳಿದದ್ದನ್ನು ಹೇಳಿ ಕಳಿಸುತ್ತಾರೆ.

ಯಾರನ್ನು ನೋಡುತ್ತೇವೋ ಅವರ ಮಾತು ಮಾತ್ರ ಕೇಳಿಸುತ್ತದೆ, ಅಷ್ಟೇ. ಕಾಗೆಯ ಕೂಗು, ಬಸ್ಸಿನ ಹಾರ್ನು, ಒಗ್ಗರಣೆ ಸಿಡಿಯುವ ಸದ್ದು ಎಲ್ಲರಿಗೂ ಕೇಳುತ್ತವೆ. ಮನುಷ್ಯರ ಮಾತಿಗೆ ಮಾತ್ರ ಮುಖ ಬೇಕು. ಹಾಗಾಗಿ ನಮ್ಮ ಅಡುಗೆಮನೆಗಳಲ್ಲಿ ಒಲೆಯ ಹಿಂದಿನ ಗೋಡೆಗೆ ಕನ್ನಡಿ ಇರುತ್ತದೆ, ಸಾರು ಕೈಯಾಡಿಸುತ್ತಲೇ ಹಿಂದಿನವರ ಮಾತು ಕೇಳಬಹುದು. ಬೈಸಿಕೊಳ್ಳುವ ಮಕ್ಕಳು ಕಣ್ಣು ಮುಚ್ಚುತ್ತವೆ, ಬೈಯುವ ತಾಯಂದಿರು ರೆಪ್ಪೆ ಬಿಡಿಸುತ್ತಾರೆ. ಕಣ್ಣಿಲ್ಲದವರು ಕೈ ಹಿಡಿದು ಕೇಳುತ್ತಾರೆ. ಅವರಿಗೆ ಯಾರೂ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಬೇರೆ ಊರುಗಳಲ್ಲಿ ಮಗುವಿಗೆ ದೃಷ್ಟಿಯಾಗದಿರಲೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತಾರಂತೆ. ನಮ್ಮಲ್ಲಿ ಹನ್ನೊಂದನೆಯ ದಿನ ಊರಿಗೆ ಊರೇ ತೊಟ್ಟಿಲಿಗೆ ಬಗ್ಗಿ, "ದೃಷ್ಟಿ ತಾಗಲಿ ಕಂದಾ, ನೂರು ಜನದ ದೃಷ್ಟಿ ತಾಗಲಿ" ಎಂದು ಹರಸುತ್ತದೆ.

ನಾನು ಕುಮುದ. ಸಭಾಮನೆಯಲ್ಲಿ ಗುಮಾಸ್ತೆ. ಸಭೆಯಲ್ಲಿ ಯಾರು ಏನೆಂದರು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಆಡುವವರ ಮುಖದಿಂದ ಕಣ್ಣು ತೆಗೆಯುವಂತಿಲ್ಲವಾದ್ದರಿಂದ ಕಾಗದ ನೋಡದೆ ಬರೆಯುತ್ತೇನೆ. ನನ್ನ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ, ಎಷ್ಟೋ ಸಲ ಅರ್ಧ ಪುಟ ಮೇಜಿನ ಮೇಲೆಯೇ ಬರೆದಿರುತ್ತೇನೆ. "ನಿಂಗೆ ಬರೆಯೋದಕ್ಕಿಂತ ಕನಸು ಕಾಣೋದ್ರಲ್ಲಿ ಕೈ ಚುರುಕು" ಎನ್ನುತ್ತಾಳೆ ಅಮ್ಮ. ಅದಕ್ಕೆ ಕಾರಣ ಅಜ್ಜಿ. ನಾನು ಬೆಳೆದದ್ದೇ ಅವಳ ಕಥೆಗಳ ಮೇಲೆ. ಕಥೆ ನಡೆಯುವಾಗ ನಿದ್ದೆ ಬಂದು ರೆಪ್ಪೆ ಮುಚ್ಚಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಕಣ್ಣು ತೆರೆದಾಗ ಅವಳು ಎಲ್ಲೋ ಮುಂದೆ ಹೋಗಿರುತ್ತಿದ್ದಳು. ನಡುವಿನ ತೂತುಗಳನ್ನು ನಾನೇ ತುಂಬಿಕೊಳ್ಳಬೇಕಿತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ.

ಅಜ್ಜಿ ಮೂವತ್ತೊಂದು ವರ್ಷ ಈ ಊರಿನ ನೋಟದಮ್ಮ ಆಗಿದ್ದವಳು. ಸಭೆಯಲ್ಲಿ ನೂರು ಜನ ಕೂತಾಗ ಯಾರನ್ನು ನೋಡುವುದು? ಒಬ್ಬೊಬ್ಬರು ಒಂದೊಂದು ಕಡೆ ನೋಡಿದರೆ ನೂರು ಸಭೆಗಳಾಗುತ್ತವೆ. ಅದಕ್ಕೇ ಎದುರಿಗೆ ಎತ್ತರದ ಮಣೆಯ ಮೇಲೆ ನೋಟದಮ್ಮ ಕೂರುತ್ತಿದ್ದಳು. ಅವಳು ಕತ್ತು ತಿರುಗಿಸಿದ ಕಡೆಗೆ ಎಲ್ಲರೂ ತಿರುಗುವುದು, ಅವಳ ಮುಖ ನಿಂತಲ್ಲಿ ಇರುವವರು ಮಾತಾಡುವುದು. ಆಮೇಲೊಂದು ಚಳಿಗಾಲ ಜ್ವರ ಬಂದು ಅಜ್ಜಿಯ ಕತ್ತು ಎಡಕ್ಕೆ ತಿರುಗಿದ್ದು ತಿರುಗಿದ ಹಾಗೇ ನಿಂತುಹೋಯಿತು. ಎಣ್ಣೆ ಹಾಕಿ ತಿಕ್ಕಿದರೂ ಅಷ್ಟೇ, ಶಾಖ ಕೊಟ್ಟರೂ ಅಷ್ಟೇ. ಅಂದಿನಿಂದ ಮನೆಯಲ್ಲಿ ನಾವೆಲ್ಲ ಅವಳ ಎಡಕ್ಕೇ ಓಡಾಡುತ್ತೇವೆ. ಅಪ್ಪನಿಗೆ ಅವಳ ಮೇಲೆ ಕೋಪ ಬಂದಾಗ ಬಲಗಡೆ ಹೋಗಿ ನಿಂತು ಮನಸಾರೆ ಬೈದು ಬರುತ್ತಾರೆ.

ಅಜ್ಜಿ ಮಣೆ ಇಳಿದ ವರ್ಷವೇ ಒಂಬತ್ತೂರಿನ ಒಕ್ಕೂಟದವರು ದೂರದಿಂದಲೇ ಸಭೆ ನಡೆಸುವ ಏರ್ಪಾಡು ಮಾಡಿದರು. ನಮ್ಮ ಸಭಾಮನೆಗೂ ಗೋಡೆಯಗಲದ ಪರದೆ ಬಂತು. ಅದರಲ್ಲಿ ಎಂಟು ಚೌಕ, ಎಂಟು ಊರು. ಪರದೆಯ ಮೇಲ್ಗಡೆ ಒಂದು ಕ್ಯಾಮೆರಾ, ಅದು ಕಂಡದ್ದು ಚೌಕಗಳ ಕೆಳಗೆ ಉದ್ದಕ್ಕೆ ಮೂಡುತ್ತಿತ್ತು. ಹಾಕಲು ಬಂದವನು ಅದನ್ನು ಎದುರಿಗಿದ್ದ ದೊಡ್ಡ ಕುರ್ಚಿಗೆ ಗುರಿಯಿಟ್ಟು ಮೊಳೆ ಹೊಡೆದು ಹೋದ. ದೊಡ್ಡ ಕುರ್ಚಿ ಅಧ್ಯಕ್ಷರದು. ನಮ್ಮ ಅಧ್ಯಕ್ಷರು ತಿಪ್ಪೇರುದ್ರಯ್ಯನವರು ಕೆಟ್ಟವರಲ್ಲ. ಆದರೆ ಯಾರಿಗೂ ಇಲ್ಲವೆನ್ನಲಾರರು, ಮಾತು ಶುರುಮಾಡಿದರೆ ನಿಲ್ಲಿಸಲಾರರು. ಕಡಲೆಕಾಯಿ ಸುಲಿಯುತ್ತ, ಎಂಟೂರಿನವರು ಏನೇ ಕೇಳಲಿ "ಆಗ್ಲಿ ಸ್ವಾಮಿ, ಆಗ್ಲಿ" ಎನ್ನುವವರು. ಅವರ ಸುತ್ತ ಕೂತ ನಾವು ಬಾಯಿ ಬಡಿದುಕೊಂಡರೂ ಅತ್ತ ಕಡೆ ಯಾರಿಗೂ ಕೇಳುತ್ತಿರಲಿಲ್ಲ, ಅವರ ಪರದೆಯಲ್ಲಿ ನಾವೇ ಇರಲಿಲ್ಲವಲ್ಲ. ಮೂರು ವರ್ಷ ಹೀಗೆ ನಡೆಯಿತು. ಒಮ್ಮೆ ಬಿದಿರಿನ ಊರಿನವರು ಕೇಳಿಯೇಬಿಟ್ಟರು: "ನಿಮ್ಮೂರಲ್ಲಿ ನೀವೊಬ್ರೇನಾ ಇರೋದು?"

ಆ ಮೂರು ವರ್ಷದ ಆಗಲಿಗಳಲ್ಲಿ ಒಂದು ಕಡವಿನದಾಗಿತ್ತು. ಊರ ಕೆಳಗೆ ಹೊಳೆ, ದೋಣಿಯಲ್ಲಿ ಅದನ್ನು ದಾಟುವ ಜಾಗಕ್ಕೆ ಕಡವು ಎನ್ನುತ್ತೇವೆ. ಹೊಳೆ ದಾಟಿಸುವವಳು ದ್ಯಾವೀರಕ್ಕ, ಅವಳ ಅವ್ವನ ಕಾಲದಿಂದ ಬಂದ ದೋಣಿಯಲ್ಲಿ. ಮೇಲೆ ಮೂರು ಹರದಾರಿ ದೂರದಲ್ಲಿ ಸೇತುವೆ ಆಗಿದೆ, ಇನ್ನು ಈ ಕಡವು ಯಾಕೆ, ಮುಚ್ಚಿಬಿಡೋಣ, ಎಂದು ಒಕ್ಕೂಟದಲ್ಲಿ ಮಾತು ಬಂದಿತ್ತು. ತಿಂಗಳ ಕೊನೆಯ ಶುಕ್ರವಾರದ ಸಭೆಯಲ್ಲಿ ಕೈ ಎತ್ತಿಸಿ ಮುಗಿಸುತ್ತೇವೆ ಎಂದು ಕಾಗದ ಬಂದಾಗ ಅದನ್ನು ಒಡೆದು ಓದಿದವಳು ನಾನೇ. ಓದಿ ಹೊಳೆಗೆ ಓಡಿದೆ.

ದ್ಯಾವೀರಕ್ಕ ದೋಣಿಯ ನೀರು ಮೊಗೆದು ಚೆಲ್ಲುತ್ತಿದ್ದಳು. ಕಾಗದದಲ್ಲಿದ್ದದ್ದನ್ನು ಹೇಳಿದೆ. ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಾನು ಬಂದು ಹೇಳ್ತೀನಿ ಬಿಡು ಸಭೇಲಿ."

"ಹೇಳಿದ್ರೆ ಅಲ್ಲಿಗೆ ಕೇಳಿಸ್ಬೇಕಲ್ಲಕ್ಕ. ಕ್ಯಾಮೆರಾ ನಿನ್ನ ಕಡೆ ತಿರುಗಲ್ಲ."

"ತಿರುಗಿಸು."

"ಮೊಳೆ ಹೊಡೆದುಬಿಟ್ಟಿದಾರೆ."

"ನನ್ನ ದೋಣೀಗೆ ಎಷ್ಟು ಮೊಳೆ ಇದೆ ಗೊತ್ತಾ? ಹಂಗಂತ ಅದು ತಿರುಗಲ್ವಾ?" ಎಂದಳು ದ್ಯಾವೀರಕ್ಕ. ನಕ್ಕಳು, ಆದರೆ ಕಣ್ಣು ದೋಣಿಯ ಮೇಲೇ ಇತ್ತು. "ಬೇರೆ ಕಸುಬು ಬರಲ್ಲ ಕಣೇ ಕುಮುದಾ. ನೆಲದ ಮೇಲೆ ನಡೆದ್ರೆ ನಂಗೆ ಈಗ್ಲೂ ತೂಗಿದ ಹಂಗೇ ಆಗ್ತದೆ."

ಅಧ್ಯಕ್ಷರನ್ನು ಹಿಡಿದು ಕೂರಿಸಿ, ಅವರ ಮುಖವನ್ನೇ ನೋಡುತ್ತ ಒಂದು ಗಂಟೆ ಅವರ ಮಾತು ಕೇಳಿ, ಕೊನೆಗೆ ತಿರುಗುವ ಕ್ಯಾಮೆರಾಕ್ಕೆ ಒಪ್ಪಿಗೆ ಪಡೆದೆ. "ಆಗ್ಲಿ ಮಗಳೇ, ಆಗ್ಲಿ. ಯಾವ್ದು ಅಂತ ನೀನೇ ಆರ್ಸು" ಎಂದರು. ಆ ಮಾತು ಕೇಳಿ ಮನೆಗೆ ತೇಲಿಕೊಂಡು ಬಂದೆ. ಪೇಟೆಯ ಕಂಪನಿಯಿಂದ ಬಂದ ಬಣ್ಣದ ಪುಸ್ತಕವನ್ನು ಎರಡು ದಿನ ಎದೆಗೊತ್ತಿಕೊಂಡು ಓದಿದೆ. ಕ್ಯಾಮೆರಾ ಅಷ್ಟು ಮುಖ್ಯವಲ್ಲ, ಅದನ್ನು ಹೊತ್ತು ತಿರುಗಿಸುವ ಕೆಳಗಿನ ಯಂತ್ರವೇ ಮುಖ್ಯ ಎಂದು ತಿಳಿಯಿತು. ಪುಸ್ತಕದಲ್ಲಿ ಅದಕ್ಕೆ ಮೌಂಟ್ ಎಂದಿತ್ತು. ಅಜ್ಜಿಯ ಎಡಕ್ಕೆ ಕೂತು ಓದಿ ಹೇಳಿದೆ: ಅದರೊಳಗೆ ಮೋಟಾರು, ಅದಕ್ಕೆ ಕಂಪ್ಯೂಟರು, ಕಂಪ್ಯೂಟರು ಹೇಳಿದಂತೆ ಎಡಕ್ಕೂ ಬಲಕ್ಕೂ ಮೇಲಕ್ಕೂ ಕೆಳಕ್ಕೂ ತಿರುಗುತ್ತದೆ.

"ಕತ್ತು ಅನ್ನು ಮತ್ತೆ," ಎಂದಳು ಅಜ್ಜಿ.

ಅಂದಿನಿಂದ ನಮ್ಮ ಊರಿನಲ್ಲಿ ಅದಕ್ಕೆ ಕತ್ತು ಎಂದೇ ಹೆಸರು.

ಪುಸ್ತಕದ ಮೊದಲ ಪುಟದಲ್ಲೇ ನನಗೆ ಬೇಕಾದ ಕತ್ತು ಇತ್ತು. "ಮಾತಾಡುವವರ ದನಿ ಎಲ್ಲಿಂದ ಬರುತ್ತದೋ ಅಲ್ಲಿಗೆ ತಾನೇ ತಿರುಗುತ್ತದೆ" ಎಂದು ಬರೆದಿತ್ತು. ಅದನ್ನು ಓದಿದಾಗ ನನಗೆ ಅಜ್ಜಿಯ ಕಥೆಯ ಮಾತಾಡುವ ಗೊಂಬೆಗಳೆಲ್ಲ ನೆನಪಾದವು. ಇದೇ, ಇದೇ ಎಂದು ಕಾಗದ ಬರೆದು ಹಾಕಿದೆ.

ಬುಧವಾರ ಬೆಳಿಗ್ಗೆ ಕಂಪನಿಯವರು ಜೀಪಿನಲ್ಲಿ ಬಂದರು. ಜಯತೀರ್ಥ ಎಂದು ಹೆಸರು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಚಾಪೆಯ ಓಣಿಯಲ್ಲಿ ಮಜ್ಜಿಗೆ ಕುಡಿದೇ ಬಂದಿದ್ದರು. ಸಭಾಮನೆಯಲ್ಲಿ ನಲವತ್ತು ಜನ ಸೇರಿ ಅವರನ್ನು ರೆಪ್ಪೆ ಮಿಟುಕಿಸದೆ ನೋಡತೊಡಗಿದಾಗ ಪಾಪ, ಅಂಗಿಯ ಗುಂಡಿ ಸರಿಯಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡರು.

"ಏನಾದ್ರೂ ತಪ್ಪಾಯ್ತಾ ಮೇಡಂ?" ಎಂದು ನನ್ನನ್ನು ಕೇಳಿದರು.

"ಇಲ್ಲ, ನಿಮ್ಮ ಮಾತು ಕೇಳ್ತಾ ಇದ್ದೀವಿ."

"ಓ," ಎಂದರು. ಪೆಟ್ಟಿಗೆ ಬಿಚ್ಚುತ್ತ, "ನಮ್ಮ ಮನೇಲಿ ಇಷ್ಟು ಯಾವತ್ತೂ ಕೇಳಿಲ್ಲ" ಎಂದು ಸೇರಿಸಿದರು.

ಮೊಳೆ ಕಿತ್ತು ಹೊಸ ಕತ್ತನ್ನು ಪರದೆಯ ಮೇಲೆ ಕೂರಿಸಿದರು. ಅದು ಒಮ್ಮೆ ಅತ್ತಿತ್ತ ತಿರುಗಿ, ಎದ್ದು ಮೈಮುರಿದಂತೆ ಮಾಡಿ, ಎದುರಿಗಿದ್ದ ಅಧ್ಯಕ್ಷರ ಮೇಲೆ ನಿಂತಿತು. ಅಧ್ಯಕ್ಷರು ಸ್ವಾಗತ ಭಾಷಣ ಮಾಡಿದರು. ಮುಗಿದ ಮೇಲೆ ಜಯತೀರ್ಥರು, "ಈಗ ಬೇರೆ ಯಾರಾದ್ರೂ ಮಾತಾಡಿ, ಹೇಗೆ ತಿರುಗುತ್ತೆ ನೋಡಿ" ಎಂದರು. ಹಿಂದಿನ ಸಾಲಿನಿಂದ ಮೇಷ್ಟ್ರು ಮಾತಾಡಿದರು. ಕತ್ತು ಅಲ್ಲಾಡಲಿಲ್ಲ. ಎಡಗಡೆಯಿಂದ ಚಾಪೆಯವರು ಕೂಗಿದರು. ಅಲ್ಲಾಡಲಿಲ್ಲ. ಕಿಟಕಿಯ ಬಳಿಯಿಂದ ದ್ಯಾವೀರಕ್ಕ ಹೊಳೆಯ ಆಚೆ ದಡಕ್ಕೆ ಕೇಳುವಷ್ಟು ಕೂಗು ಹಾಕಿದಳು. ಕತ್ತು ಅಧ್ಯಕ್ಷರನ್ನೇ ಪ್ರೀತಿಯಿಂದ ನೋಡುತ್ತಿತ್ತು. ಅಧ್ಯಕ್ಷರು, "ಯಾಕೆ ತಿರುಗ್ತಿಲ್ಲ?" ಎಂದದ್ದೇ ತಡ, ಹಸಿರು ದೀಪ ಹತ್ತಿಸಿ ಇನ್ನಷ್ಟು ಅವರ ಹತ್ತಿರಕ್ಕೆ ಹೋಯಿತು.

ಜಯತೀರ್ಥರು ತಂತಿ ಬಿಚ್ಚಿದರು, ಹಾಕಿದರು, ಬೆವರಿದರು. ನನಗೆ ಮಾತ್ರ ಹೊಳೆಯಿತು. ಹೊಳೆದ ಕೂಡಲೇ ಕಿವಿಯವರೆಗೆ ಬಿಸಿಯಾಯಿತು. ದನಿ ಕೇಳಿದ ಮೇಲೆ ತಿರುಗುವ ಕತ್ತು ಅದು. ನಮ್ಮ ಊರಿನಲ್ಲಿ ತಿರುಗಿದ ಮೇಲೆ ತಾನೇ ದನಿ ಕೇಳುವುದು? ಯಾರ ಮೇಲೆ ನಿಂತಿದೆಯೋ ಅವರದಷ್ಟೇ ಅದಕ್ಕೆ ಕೇಳುತ್ತದೆ. ಅವರದಷ್ಟೇ ಕೇಳುವುದರಿಂದ ಅಲ್ಲೇ ನಿಲ್ಲುತ್ತದೆ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು, ಬಣ್ಣದ ಪುಸ್ತಕ ಓದುವಾಗ ಅದನ್ನೇ ಮರೆತಿದ್ದೆ.

"ಪರ್ವಾಗಿಲ್ಲ ಬಿಡವ್ವ," ಎಂದಳು ದ್ಯಾವೀರಕ್ಕ ನನ್ನ ಎದುರಿಗೆ ಬಂದು ನಿಂತು. "ಅಧ್ಯಕ್ರಿಗೆ ಅಂತ ಒಂದು ಹೆಂಡ್ತಿ ತರ್ಸಿದಂಗಾಯ್ತು. ಅವ್ರನ್ನ ಬಿಟ್ಟು ಇನ್ಯಾರನ್ನೂ ನೋಡಲ್ಲ ಅಂತದೆ." ಅವಳನ್ನು ನೋಡುತ್ತಿದ್ದವರೆಲ್ಲ ನಕ್ಕರು. ಅವಳ ಬೆರಳು ಮಾತ್ರ ಸೆರಗಿನ ಅಂಚನ್ನು ಸುತ್ತಿ ಬಿಚ್ಚಿ ಸುತ್ತುತ್ತಿತ್ತು. ನಾನು ನಗಲಿಲ್ಲ. ನಾಡಿದ್ದೇ ಶುಕ್ರವಾರ.

ಜೀಪಿನಲ್ಲಿ ಎರಡನೆಯ ಕತ್ತು ಇತ್ತು. ಅದಕ್ಕೆ ದನಿ ಬೇಡ, ಅಲುಗಾಟ ಸಾಕು. ಯಾರು ಮೈ ಅಲುಗಿಸುತ್ತಾರೋ ಅವರ ಹಿಂದೆ ಹೋಗುತ್ತದೆ. "ಇದು ಗ್ಯಾರಂಟಿ ಮೇಡಂ" ಎಂದರು ಜಯತೀರ್ಥರು. ನಮ್ಮವರಿಗೆ ಅಲುಗಾಟ ಹೇಳಿಕೊಡಬೇಕೇ? ದೃಷ್ಟಿ ತಮ್ಮ ಮೇಲೆ ಬೀಳಲಿ ಎಂದು ಟವೆಲ್ಲು ಬೀಸುವುದು, ಕೊಡೆ ಬಿಚ್ಚುವುದು, ಬೆಂಚಿನ ಮೇಲೆ ಹತ್ತುವುದು ನಮಗೆ ಉಸಿರಾಟದಷ್ಟು ಸಲೀಸು. ಕತ್ತು ಟವೆಲ್ಲಿನಿಂದ ಕೊಡೆಗೆ, ಕೊಡೆಯಿಂದ ಬೆಂಚಿಗೆ ಹಾರಿ ಹಾರಿ, ಒಬ್ಬರಿಗೂ ಎರಡಕ್ಷರ ಆಡಲು ಬಿಡದೆ ಗಿರಗಿರನೆ ಸುತ್ತಿತು. ಅಷ್ಟರಲ್ಲಿ ಬಾಗಿಲಿನಿಂದ ಒಂದು ಕೋಳಿ ಒಳಗೆ ಬಂತು. ಅನಂತರದ ಕಾಲು ಗಂಟೆ ಅದು ಕೋಳಿಯನ್ನು ಬಿಟ್ಟು ಕದಲಲಿಲ್ಲ. ಕೋಳಿ ನೆಲ ಕೆದಕುತ್ತ ಗೋಡೆಯಗಲಕ್ಕೆ ನಡೆದಾಡುವುದನ್ನು ನಾವೆಲ್ಲ ಪರದೆಯ ಮೇಲೆ ನೋಡಿದೆವು. ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಅಧ್ಯಕ್ಷರಂತೂ ಕಡಲೆಕಾಯಿ ಮರೆತು ನೋಡಿದರು.

ಕೋಳಿಯನ್ನು ಹೊರಗಟ್ಟಿ ಜಯತೀರ್ಥರು ಕುರ್ಚಿಯಲ್ಲಿ ಕುಸಿದರು. "ಇನ್ನೊಂದಿದೆ. ಆದ್ರೆ ಅದು ಮಾರೋಕೆ ತಂದಿದ್ದಲ್ಲ, ಇವೆರಡೂ ಅಲುಗಾಡ್ಬಾರ್ದು ಅಂತ ಅಡ್ಡಕ್ಕೆ ಇಟ್ಟಿದ್ದು. ಹಳೇದು. ಅದಕ್ಕೆ ಕಿವೀನೂ ಇಲ್ಲ, ಬುದ್ಧೀನೂ ಇಲ್ಲ. ಒಂದು ಕೋಲು ಕೊಟ್ಟಿದಾರೆ, ಕೋಲು ವಾಲಿಸಿದ ಕಡೆ ತಿರುಗುತ್ತೆ. ಇಪ್ಪತ್ತು ಜಾಗ ನೆನಪಿಟ್ಕೊಳ್ಳುತ್ತೆ, ಗುಂಡಿ ಒತ್ತಿದ್ರೆ ಆ ಜಾಗಕ್ಕೆ ಹೋಗುತ್ತೆ. ಅಷ್ಟೇ. ಪಕ್ಕದಲ್ಲಿ ಒಬ್ಬರು ಕೂತೇ ಇರ್ಬೇಕು ಮೇಡಂ."

"ಯಂತ್ರ ತಂದ್ಮೇಲೆ ಪಕ್ಕದಲ್ಲಿ ಆಳ್ಯಾಕೆ?" ಎಂದರು ಅಧ್ಯಕ್ಷರು.

ನಾನು ಆಗಲೇ ಮನೆಗೆ ಓಡುತ್ತಿದ್ದೆ.

ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ಎಡಕ್ಕೆ ಹೋಗಿ ಕೂತು, ದಮ್ಮು ಕಟ್ಟಿಕೊಂಡೇ ಕೇಳಿದೆ: "ಅಜ್ಜೀ, ನೀನು ಮಣೆ ಮೇಲೆ ಕೂತಾಗ, ಯಾರು ಮಾತಾಡ್ತಾರೆ ಅಂತ ಹೇಗೆ ಗೊತ್ತಾಗ್ತಿತ್ತು? ನೋಡೋವರ್ಗೂ ಕೇಳ್ಸಲ್ಲವಲ್ಲ?"

"ಮಾತು ಬಾಯಿಗೆ ಬರೋಕೆ ಮುಂಚೆ ಮೈಯೆಲ್ಲ ಓಡಾಡ್ತದೆ ಕಣೇ. ಒಬ್ರಿಗೆ ಮಂಡೀಲಿರ್ತದೆ, ಒಬ್ರಿಗೆ ಕಿವಿ ತುದೀಲಿ. ನಿಮ್ಮ ತಾತ ಇದ್ರಲ್ಲ, ಅವ್ರಿಗೆ ಮೀಸೇಲಿರ್ತಿತ್ತು. ಮೀಸೆ ಎಡಕ್ಕೆ ಎಳೆದ್ರೋ, ತಕರಾರು ಅಂತ ಅರ್ಥ. ನಾನು ಅತ್ತ ತಿರುಗ್ತಾನೇ ಇರ್ಲಿಲ್ಲ."

ಅವರೆಕಾಯಿಯ ಮೊರವನ್ನು ಕೆಳಗಿಳಿಸಿ, ಅವಳ ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ಮೂರು ವರ್ಷದ ಮೇಲೆ ಅಜ್ಜಿ ಸಭಾಮನೆಯ ಹೊಸ್ತಿಲು ದಾಟಿದಾಗ ಎಲ್ಲರೂ ಅವಳ ಎಡಕ್ಕೆ ಜರುಗಿದರು. ಪರದೆಯ ಬಲಪಕ್ಕದ ಮೂಲೆಯಲ್ಲಿ, ಹೊಳೆಯ ಕಡೆಯ ಕಿಟಕಿಗೆ ಎದುರಾಗಿ, ಅವಳಿಗೊಂದು ಕುರ್ಚಿ ಹಾಕಿ ಕೋನ ನೋಡಿ ಕೂರಿಸಿದೆ. ಅಲ್ಲಿಂದ ಇಡೀ ಸಭಾಮನೆ ಅವಳ ಎಡಕ್ಕೇ ಬರುತ್ತಿತ್ತು. ಮುಂದೆ ಮೇಜು, ಮೇಜಿನ ಮೇಲೆ ಕೋಲು ಮತ್ತು ಗುಂಡಿಗಳ ಪೆಟ್ಟಿಗೆ.

ಜಯತೀರ್ಥರು ವಿವರಿಸಿದರು. ಅಜ್ಜಿ ಕೇಳಿದ ಪ್ರಶ್ನೆಗಳನ್ನು ಅವರ ಕಂಪನಿಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ.

"ತಿರುಗುವಾಗ ಕಿರ್ ಅಂತದಾ?"

"ಸ್ವಲ್ಪ ಅನ್ನುತ್ತೆ ಅಮ್ಮ. ಯಾಕೆ?"

"ಅನ್ಬಾರ್ದು. ಮೊದಲನೇ ಸಲ ಮಾತಾಡೋರು ಹೆದರ್ತಾರೆ. ಮಾತು ವಾಪಸ್ ಹೊಟ್ಟೆಗೆ ಹೋಗ್ತದೆ."

ಜಯತೀರ್ಥರು ಹಲ್ಲುಗಾಲಿಗೆ ಎಣ್ಣೆ ಬಿಟ್ಟರು. ಕಿರ್ ನಿಂತಿತು.

"ಎಷ್ಟು ದೂರ ತಿರುಗ್ತದೆ?"

"ಆ ಮೊದಲನೇದು ಅಕ್ಕಪಕ್ಕಕ್ಕೆ ಐವತ್ತು ಡಿಗ್ರಿ ಅಷ್ಟೇ. ಇದು ಹಳೇದಾದ್ರೂ ಹೆಚ್ಚುಕಡಿಮೆ ಪೂರ್ತಿ ಸುತ್ತುತ್ತೆ."

"ವೇಗ?"

"ಈ ತಿರುಪಿದೆಯಲ್ಲ, ಇದನ್ನ ತಿರುವಿದ್ರೆ..."

ಅಜ್ಜಿ ತಿರುಪನ್ನು ಹಿಡಿದು ಹಿಂದೆ ಮುಂದೆ ಮಾಡಿದಳು. ಜೋರಾಗಿ ತಿರುಗಿಸಿದಾಗ "ಇದು ಪೊಲೀಸರ ಕತ್ತು" ಎಂದಳು. ತೀರಾ ನಿಧಾನ ಮಾಡಿ "ಇದು ಬೀಗರ ಕತ್ತು" ಎಂದಳು. ಆಮೇಲೆ ಇನ್ನೊಂದಿಷ್ಟು ತಿರುವಿ, ತೊಟ್ಟಿಲಲ್ಲಿ ಮಗು ಮುಲುಗಿದ್ದು ಕೇಳಿ ಅತ್ತ ನೋಡುವವರ ವೇಗಕ್ಕೆ ತಂದು ನಿಲ್ಲಿಸಿದಳು. "ಇದಾಯ್ತು."

"ಅಲ್ಲ ಅತ್ತೇಮ್ಮ," ಎಂದರು ಅಧ್ಯಕ್ಷರು, ಅಜ್ಜಿಯ ಎಡಕ್ಕೆ ಬಂದು ಬಗ್ಗಿ. "ಬುದ್ಧಿ ಇರೋ ಯಂತ್ರ ಬಿಟ್ಟು ದಡ್ಡ ಯಂತ್ರ ತಗೊಳ್ಳೋದಾ? ಎಂಟೂರಿನವ್ರು ಏನಂದಾರು?"

"ಬುದ್ಧಿ ನನ್ನ ಹತ್ರ ಇದೆ ರುದ್ರಾ. ಕತ್ತಿಲ್ಲ. ಅದನ್ನ ಕೊಡ್ಸು."

ಅಧ್ಯಕ್ಷರು ಬಾಯಿ ತೆರೆದರು, ಅಜ್ಜಿಯನ್ನು ನೋಡಿದರು, "ಆಗ್ಲಿ" ಎಂದರು. ಅವರು ಆಡಿದ ಅಷ್ಟೂ ಆಗಲಿಗಳಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಗುರುವಾರ ಇಡೀ ದಿನ ಅಜ್ಜಿ ಗುಂಡಿ ಕಲಿತಳು. ಅವಳಿಗೆ ಅಂಕಿ ಬರುವುದಿಲ್ಲ. ಅಂಟು ತರಿಸಿ ಗುಂಡಿಗಳ ಮೇಲೆ ಒಂದೊಂದು ಗುರುತು ಅಂಟಿಸಿದಳು. ಅಧ್ಯಕ್ಷರಿಗೆ ಕಡಲೆಕಾಯಿ ಸಿಪ್ಪೆ, ಮೇಷ್ಟ್ರಿಗೆ ಸೀಮೆಸುಣ್ಣದ ಚೂರು, ಚಾಪೆಯವರಿಗೆ ಆಪುಹುಲ್ಲಿನ ಎಳೆ, ಸದಾ ಕಣ್ಣೀರಿಡುವ ಕಮಲಿಯಮ್ಮನಿಗೆ ಒಂದು ಕಲ್ಲುಪ್ಪು. ಇಪ್ಪತ್ತು ಗುಂಡಿಗೆ ಇಪ್ಪತ್ತು ಕುರ್ಚಿ ತುಂಬಿದವು. ದ್ಯಾವೀರಕ್ಕನಿಗೆ ಗುಂಡಿ ಉಳಿಯಲಿಲ್ಲ, ಅವಳಿಗೆ ಕುರ್ಚಿಯೇ ಇಲ್ಲ. ಯಾವಾಗಲೂ ದೋಣಿ ಕಾಣುವ ಹಾಗೆ ಕಿಟಕಿಗೆ ಒರಗಿ ನಿಲ್ಲುವವಳು. "ಕೂತ್ಕೋ ಅಂದ್ರೆ ಕೂರ್ತಾಳೇನು ಅವ್ಳು? ಕೋಲಲ್ಲೇ ನೋಡ್ಕೋತೀನಿ" ಎಂದಳು ಅಜ್ಜಿ. ಜಯತೀರ್ಥರು ವಾಪಸ್ಸು ಹೋಗಬೇಕಿತ್ತು, ಹೋಗಲಿಲ್ಲ. ನಾಳೆ ಏನಾಗುತ್ತದೋ ನೋಡಿಯೇ ಹೋಗುತ್ತೇನೆ ಎಂದು ಚಾಪೆಯ ಓಣಿಯಲ್ಲೇ ಉಳಿದರು. ಅಲ್ಲಿ ಅವರ ಮಾತನ್ನು ಕೇಳುವವರು ಹತ್ತು ಜನ ಸಿಕ್ಕಿದ್ದರು.

ಶುಕ್ರವಾರ ಹನ್ನೊಂದು ಗಂಟೆಗೆ ಪರದೆಯ ಎಂಟೂ ಚೌಕ ಬೆಳಗಿದವು. ಸಭೆ ನಡೆಸುವವರು ಗಡಿಯಾರದ ಊರಿನ ಅಂಬುಜಾಕ್ಷಮ್ಮ. ದಪ್ಪ ಕನ್ನಡಕ, ನೇರ ಮಾತು. ನಾವೆಲ್ಲ ಅವರ ಚೌಕವನ್ನು ನೋಡಿದೆವು.

"ಕಡವಿನ ವಿಷಯ. ಆ ಊರಿನವರದ್ದೇನೂ ಆಕ್ಷೇಪಣೆ ಇಲ್ಲ ಅಂತ ಮೂರು ವರ್ಷದಿಂದ ಬರೆದಿದೆ. ಇವತ್ತು ಕೈ ಎತ್ತಿ ಮುಗಿಸೋಣ. ಅಧ್ಯಕ್ಷರೇ?"

ಅಜ್ಜಿ ಕಡಲೆಸಿಪ್ಪೆ ಒತ್ತಿದಳು. ಕತ್ತು ಅಧ್ಯಕ್ಷರ ಮೇಲೆ ನಿಂತಿತು. ಸಭಾಮನೆ ಅವರತ್ತ ತಿರುಗಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಎಂಟೂರುಗಳ ಯೋಗಕ್ಷೇಮ ಕೇಳಿ, ಬಿಸಿಲಿನ ಬಗ್ಗೆ ಎರಡು ಮಾತಾಡಿ, ಸೇತುವೆಯನ್ನು ಹೊಗಳಿ, ಕಡವನ್ನೂ ಹೊಗಳಿ, "ಹಾಗಾಗಿ ಒಕ್ಕೂಟದವರು ಏನ್ ಹೇಳಿದ್ರೂ ನಮ್ಮದೇನೂ ಇಲ್ಲ, ಆಗ್ಲಿ ಅಂತ..." ಎನ್ನುವ ದಾರಿ ಹಿಡಿದಿದ್ದರು. ನಾನು ಪೆನ್ನು ಕಚ್ಚಿಕೊಂಡು ಅಜ್ಜಿಯ ಕಡೆ ನೋಡಿದೆ. ನೋಡಿದ್ದರಿಂದ ಅವಳು ಗೊಣಗಿದ್ದು ಕೇಳಿಸಿತು: "ಕಾಲ್ಬೆರಳಲ್ಲಿದೆ. ಬಂತು, ಬಂತು." ದ್ಯಾವೀರಕ್ಕನ ಹೆಬ್ಬೆರಳು ನೆಲ ಒತ್ತುತ್ತಿತ್ತು, ದಡದಿಂದ ದೋಣಿ ನೂಕುವಾಗ ಒತ್ತುವ ಹಾಗೆ.

ಅಜ್ಜಿ ಕೋಲು ವಾಲಿಸಿದಳು.

ಕತ್ತು ಸದ್ದಿಲ್ಲದೆ ಅಧ್ಯಕ್ಷರನ್ನು ಬಿಟ್ಟು ಹೊರಟಿತು. ಅದರ ಜೊತೆ ಸಭಾಮನೆಯ ಮುಖಗಳೆಲ್ಲ ಹೊರಟವು. ಅಧ್ಯಕ್ಷರ "ಆಗ್ಲಿ" ಅರ್ಧಕ್ಕೆ ತುಂಡಾಯಿತು. ಎಂಟೂರಿಗೆ ತಲುಪಿದ್ದು "ಆ" ಮಾತ್ರ. ಅವರೇನೋ ಇನ್ನೂ ಆಡುತ್ತಲೇ ಇದ್ದರಂತೆ, ನೋಡುವವರಿರಲಿಲ್ಲ. ಕತ್ತು ಮೇಷ್ಟ್ರನ್ನು ದಾಟಿತು, ಕಮಲಿಯಮ್ಮನನ್ನು ದಾಟಿತು, ಖಾಲಿ ಗೋಡೆ ದಾಟಿತು, ಮೊದಲನೆಯ ಕತ್ತು ಎಂದೂ ತಲುಪಲಾರದ ಆ ಪಕ್ಕದ ಕಿಟಕಿಗೆ ಹೋಗಿ ದ್ಯಾವೀರಕ್ಕನ ಮೇಲೆ ನಿಂತಿತು.

ನೂರು ಮುಖ, ಎಂಟು ಊರು. ದ್ಯಾವೀರಕ್ಕ ಸೆರಗು ಎಳೆದುಕೊಂಡಳು.

"ಏನ್ ಹಂಗ್ ನೋಡ್ತೀರಾ ಎಲ್ಲಾ?" ಎಂದಳು.

ಪರದೆಯ ಎಂಟೂ ಚೌಕಗಳಲ್ಲಿ ಜನ ಬೆಚ್ಚಿದರು, ಆಮೇಲೆ ನಕ್ಕರು. ಬಿದಿರಿನ ಊರಿನವರು ಒಬ್ಬರನ್ನೊಬ್ಬರು ತಿವಿದು, "ಇನ್ನೊಬ್ರಿದಾರೆ ಕಣ್ರೋ ಆ ಊರಲ್ಲಿ!" ಎಂದರು.

"ಇದೀವಿ ಸ್ವಾಮಿ, ನೂರಾರು ಜನ ಇದೀವಿ," ಎಂದಳು ದ್ಯಾವೀರಕ್ಕ. ಅಲ್ಲಿಂದ ಅವಳ ನಾಲಿಗೆ ನೀರಿಗಿಳಿಯಿತು. "ನಾನು ದೋಣಿಯೋಳು. ಹಿಂದೆ ನಿಂತು ಹುಟ್ಟು ಹಾಕ್ತೀನಿ, ಜನ ಮುಂದೆ ನೋಡ್ಕೊಂಡು ಕೂರ್ತಾರೆ. ಇಪ್ಪತ್ತು ವರ್ಷ ಬರೀ ಬೆನ್ನುಗಳಿಗೆ ಮಾತಾಡಿದೀನಿ, ಅದಕ್ಕೇ ಮಾತು ಜಾಸ್ತಿ ಸೇರ್ಕೊಂಡಿದೆ, ಬೇಜಾರು ಮಾಡ್ಕೋಬೇಡಿ. ಸೇತುವೆ ಚೆನ್ನಾಗಿದೆ. ಹೋಗಿ ನೋಡ್ದೆ. ಮೇಲೆ ಲಾರಿ ಓಡ್ತವೆ, ಸಂತೋಷ. ಆದ್ರೆ ಮೂರು ಹರದಾರಿ ನಡೆದು ಸೇತುವೆ ಹತ್ತಿ, ಆಚೆ ಮೂರು ಹರದಾರಿ ವಾಪಸ್ ನಡೆದ್ರೆ ಸಿಗೋದು ನಮ್ಮ ಎದುರಿಗೆ ಕಾಣೋ ದಡ. ಮಂಡಿ ಇಲ್ದೋರು ಏನ್ ಮಾಡ್ಬೇಕು? ಮಡಕೆ ಹೊತ್ತೋರು? ತುಂಬಿದ ಬಸುರಿ? ಮತ್ತೆ ಸೇತುವೆ ಯಾರ್ನೂ ಕಾಯಲ್ಲ, ತಾಯಿ. ನಾನು ಕಾಯ್ತೀನಿ. ಓಡಿ ಬರ್ತಿರೋರ್ನ ಕಂಡ್ರೆ ಹುಟ್ಟು ನಿಲ್ಲಿಸ್ತೀನಿ. ಬೆಳಗಿಂದ ಮುಖ ಬಾಡಿರೋರ್ನ ನೀರಿನ ಮಧ್ಯ ಒಂದು ಗಳಿಗೆ ಸುಮ್ನೆ ತೇಲಿಸಿ ಆಮೇಲೆ ದಡ ಮುಟ್ಟಿಸ್ತೀನಿ. ಅವ್ರಿಗೆ ಗೊತ್ತಾಗಲ್ಲ, ಹೊಳೆ ಸೆಳೀತು ಅಂದ್ಕೋತಾರೆ."

ಅಧ್ಯಕ್ಷರೂ ಈಗ ಮಾತು ನಿಲ್ಲಿಸಿ ಅವಳ ಕಡೆ ತಿರುಗಿದ್ದರು. ಕೈಯಲ್ಲಿ ಸುಲಿದ ಕಡಲೆಬೀಜ ಹಾಗೇ ಇತ್ತು. "ಹೋದ್ವರ್ಷ ನಮ್ಮವಳ ತಿಥಿ ಮುಗಿಸ್ಕೊಂಡು ಬರುವಾಗ..." ಎಂದೇನೋ ತಮ್ಮಷ್ಟಕ್ಕೆ ಹೇಳಿಕೊಂಡರು, ಅವರನ್ನು ನೋಡಿದವಳು ನಾನೊಬ್ಬಳೇ, ಕೇಳಿದವಳೂ ನಾನೊಬ್ಬಳೇ.

ಆದರೆ ಮರಳಿನ ಊರಿನವರು ಕೈ ಎತ್ತಿದ್ದರು. ಅವರದು ಒಣ ದನಿ. "ಮಾತೇನೋ ಚೆನ್ನಾಗಿದೆ ತಾಯಿ. ಆದ್ರೆ ದಿನಕ್ಕೆ ಎಷ್ಟು ಜನ ದಾಟ್ತಾರೆ? ನಮ್ಮ ಮನುಷ್ಯ ಒಂದು ಗಂಟೆ ದಡದಲ್ಲಿ ಕೂತು ನೋಡಿದ. ಮೂರೇ ಜನ. ಮೂರು ಜನಕ್ಕೆ ಒಂದು ಕಡವಾ?"

ನಾಲ್ಕು ಚೌಕಗಳಲ್ಲಿ ತಲೆಗಳು ಹೌದೌದೆಂದು ಆಡಿದವು. ಅಂಬುಜಾಕ್ಷಮ್ಮ ಕನ್ನಡಕ ತೆಗೆದು ಒರೆಸಿದರು. ಇನ್ನೇನು ಕೈ ಎತ್ತಿಸುತ್ತಾರೆ ಅನ್ನಿಸಿತು.

ಅಜ್ಜಿಯನ್ನು ಯಾರೂ ಏನೂ ಕೇಳಲಿಲ್ಲ. ಅವಳು ಕೋಲನ್ನು ಕೂದಲೆಳೆಯಷ್ಟು ಮುಂದೆ ವಾಲಿಸಿದಳು. ಕತ್ತು ದ್ಯಾವೀರಕ್ಕನ ಹೆಗಲು ದಾಟಿ ಕಿಟಕಿಯ ಹೊರಗೆ ಇಣುಕಿತು. ಹತ್ತಿರಕ್ಕೆ ತರುವ ಚಕ್ರವನ್ನು ಅಜ್ಜಿ ಬೆರಳಿನಿಂದ ಸವರಿದಳು. ಬಿಸಿಲಲ್ಲಿ ಹೊಳೆ ಹೊಳೆಯುತ್ತಿತ್ತು. ಈ ದಡದಲ್ಲಿ ಖಾಲಿ ದೋಣಿ. ಆಚೆ ದಡದಲ್ಲಿ, ಸಾಲಾಗಿ, ಜನ: ಬುಟ್ಟಿ ಹೊತ್ತ ಮೂವರು ಹೆಂಗಸರು, ಸೈಕಲ್ಲು ಹಿಡಿದ ಪೋಸ್ಟಿನವರು, ಎರಡು ಆಡಿನ ಮರಿ ಕಂಕುಳಲ್ಲಿಟ್ಟುಕೊಂಡ ಮುದುಕ, ಮದುವೆ ಸೀರೆಯುಟ್ಟ ಒಂದು ಗುಂಪು, ಅದರಲ್ಲೊಬ್ಬಾಕೆ ನೆರಳಿಗೆಂದು ತಲೆಯ ಮೇಲೆ ಹಲಸಿನ ಎಲೆಯ ಕಟ್ಟು ಇಟ್ಟುಕೊಂಡು, ಇತ್ತ ಕಡೆಗೆ ಕೈ ಬೀಸಿ ಬೀಸಿ ಸುಸ್ತಾಗಿ ಕಲ್ಲಿನ ಮೇಲೆ ಕೂತಿದ್ದಳು.

"ಯಾರಮ್ಮ ಅವರೆಲ್ಲ?" ಎಂದರು ಅಂಬುಜಾಕ್ಷಮ್ಮ.

ದ್ಯಾವೀರಕ್ಕ ಕಿಟಕಿಯತ್ತ ತಿರುಗಿ ನೋಡಿ ತಲೆಗೆ ಕೈ ಹೊತ್ತಳು. ಅಜ್ಜಿ ಚಕ್ರವನ್ನು ಹಿಂದಕ್ಕೆ ಸವರಿದಳು. ದ್ಯಾವೀರಕ್ಕನೂ ಹೊಳೆಯೂ ಒಟ್ಟಿಗೇ ಪರದೆಗೆ ಬಂದರು. "ನಾನಿಲ್ಲಿ ಬಂದು ನಿಂತು ಮುಕ್ಕಾಲು ಗಂಟೆ ಆಯ್ತಲ್ಲವ್ವ! ಅಷ್ಟಕ್ಕೇ ಇಷ್ಟು ಜನ ನಿಂತವ್ರೆ! ಮಂಗಳವಾರ ಬಂದು ಕೂತಿದ್ನಲ್ಲ ನಿಮ್ಮ ಮನುಷ್ಯ, ಅವತ್ತು ಆಚೆ ಊರಲ್ಲಿ ಹಬ್ಬ, ಯಾರೂ ಹೊರಡಲ್ಲ, ನನ್ನ ಕೇಳಿದ್ರೆ ಹೇಳ್ತಿದ್ದೆ. ಅಯ್ಯೋ, ಮುಹೂರ್ತ ಮೀರ್ತದೆ ಅವ್ರಿಗೆ. ಬೇಜಾರು ಮಾಡ್ಕೋಬೇಡಿ, ನೀವು ಕೈ ಎತ್ಕೊಳ್ಳಿ, ನಾನು ಹೋಗ್ಬೇಕು."

ಸಭೆಗೆ ಕೈ ಮುಗಿಯುವುದನ್ನೂ ಮರೆತು, ಸೆರಗು ಸಿಕ್ಕಿಸಿಕೊಂಡು, ಬಾಗಿಲಿನಿಂದ ಓಡಿಹೋದಳು. "ಎಲ್ಲಿ ಹೋದ್ಳು? ತೋರ್ಸಿ, ತೋರ್ಸಿ!" ಎಂದು ಎಂಟೂ ಚೌಕಗಳಲ್ಲಿ ಬಾಯಿಗಳಾಡುತ್ತಿದ್ದವು. ಅಜ್ಜಿ ತೋರಿಸುತ್ತಲೇ ಇದ್ದಳು. ಮೆಟ್ಟಿಲಿಳಿದು ಓಡುವ ದ್ಯಾವೀರಕ್ಕ, ಮೊಣಕಾಲುದ್ದ ನೀರಿಗೆ ಧುಮುಕಿದ ದ್ಯಾವೀರಕ್ಕ, ಒಂದೇ ನೂಕಿಗೆ ದೋಣಿ ಹಾರಿಸಿ ಹತ್ತಿದ ದ್ಯಾವೀರಕ್ಕ. ಕತ್ತು ಅವಳ ಹಿಂದೆಯೇ ಎಷ್ಟು ಮೆತ್ತಗೆ ಹೋಗುತ್ತಿತ್ತೆಂದರೆ, ತಿರುಗುತ್ತಿರುವುದು ಹೊಳೆಯೇ ಅನ್ನಿಸುತ್ತಿತ್ತು. ನನ್ನ ಪಕ್ಕದಲ್ಲಿ ಜಯತೀರ್ಥರು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, "ಇದು ಪುಸ್ತಕದಲ್ಲಿ ಬರೆದಿಲ್ಲ ಮೇಡಂ" ಎಂದರು.

"ಕಡವು ಇರಲಿ ಅನ್ನೋರು ಕೈ ಎತ್ತಿ," ಎಂದರು ಅಂಬುಜಾಕ್ಷಮ್ಮ. ಅವರೇ ಮೊದಲು ಎತ್ತಿದರು. ಬಿದಿರಿನ ಊರಿನವರು ಎರಡೆರಡು ಕೈ ಎತ್ತಿದರು. ಒಂದಾದ ಮೇಲೊಂದು ಚೌಕದಲ್ಲಿ ಕೈಗಳು ಮೇಲೆದ್ದವು; ಕಡೆಗೆ ಮರಳಿನ ಊರಿನವರೂ ಗಲ್ಲ ಕೆರೆಯುತ್ತಿದ್ದ ಕೈಯನ್ನು ಹಾಗೆಯೇ ಮೇಲಕ್ಕೆ ಒಯ್ದರು. ನಮ್ಮ ಅಧ್ಯಕ್ಷರು ಕುರ್ಚಿಯಿಂದ ಎದ್ದು ನಿಂತೇ ಎತ್ತಿದರು, ಒಂದು ಮಾತೂ ಆಡದೆ.

ನಾನು ಬರೆದುಕೊಳ್ಳಬೇಕಿತ್ತು. ಬರೆಯಲಿಲ್ಲ. ಕೈ ಎತ್ತಿದವರು ಯಾರೂ ಇಳಿಸಿರಲಿಲ್ಲ. ಒಂಬತ್ತೂರಿನ ಜನ ಕೈ ಮೇಲೆ ಮಾಡಿಕೊಂಡು, ಬಾಯಿ ಮುಚ್ಚಿಕೊಂಡು, ಹೊಳೆಯ ನಡುವೆ ಚಿಕ್ಕದಾಗುತ್ತ ಹೋಗುವ ದೋಣಿಯನ್ನೇ ನೋಡುತ್ತಿದ್ದರು. ಅದು ಆಚೆ ದಡ ಮುಟ್ಟಿ, ಕಲ್ಲಿನ ಮೇಲೆ ಕೂತಿದ್ದಾಕೆ ಎದ್ದು, ದ್ಯಾವೀರಕ್ಕ ಅವಳ ಕೈ ಹಿಡಿದು ದೋಣಿಗೆ ಇಳಿಸಿಕೊಂಡ ಮೇಲೆಯೇ ಒಂದೊಂದಾಗಿ ಕೈಗಳು ಕೆಳಗಿಳಿದವು.